ಸ್ಟಿರಾಯ್ಡ್ ಮಾತ್ರೆಯೂ ಮೂಳೆಯ ಬಲವೂ



ಸಂಘದ ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಹೇಳಿಯಾಯಿತು. ನಾವು ಮೂಳೆಯ ವಿಷಯ ನಾಲ್ಕು ಮಾತು ಹೇಳುತ್ತೇವೆ.

ಉಬ್ಬಸಕ್ಕೋ ಕೀಲುವಾತಕ್ಕೋ ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ನುಂಗುವವರು ನಮ್ಮ ಸದಸ್ಯರ ಮನೆಗಳಲ್ಲೇ ಇದ್ದಾರೆ. ಈ ಸ್ಟಿರಾಯ್ಡ್ ಜೀವ ಉಳಿಸುವ ಔಷಧಿ, ಸುಳ್ಳಲ್ಲ. ಆದರೆ ಹೊಸ ಮೂಳೆ ಕಟ್ಟುವ ಕೆಲಸವನ್ನು ಅದು ತಗ್ಗಿಸುತ್ತದೆ. ಊಟದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೊದಲ ಆರು ತಿಂಗಳಲ್ಲೇ ಸವೆತ ಜೋರು. ನೋವೇ ಇಲ್ಲದೆ ಸವೆದು, ಒಂದು ದಿನ ಹಾಲಿನ ಕ್ಯಾನು ಎತ್ತುವಾಗ ಬೆನ್ನುಮೂಳೆ ಕುಸಿಯಬಹುದು.

ಹಾಗಂತ ಮಾತ್ರೆಯನ್ನು ದಿಢೀರನೆ ಬಿಟ್ಟುಬಿಡಬೇಡಿ, ಪ್ರಾಣಕ್ಕೇ ಅಪಾಯ. ಡಾಕ್ಟರೇ ಹಂತ ಹಂತವಾಗಿ ಇಳಿಸಬೇಕು. ಮೂರು ತಿಂಗಳು ಮೀರಿ ನುಂಗಬೇಕೆಂದರೆ, "ಸಾರ್, ಮೂಳೆಗೇನು ಮಾಡೋಣ?" ಅಂತ ಮೊದಲೇ ಕೇಳಿ. ಡೆಕ್ಸಾ ಪರೀಕ್ಷೆಯೋ, ವಿಟಮಿನ್ ಡಿಯೋ, ವಾರಕ್ಕೊಂದು ನುಂಗುವ ಮೂಳೆ ಮಾತ್ರೆಯೋ, ಅವರೇ ಹೇಳುತ್ತಾರೆ.

ಇಂಥವರಿಗೆ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240 ಸಿಗುತ್ತದೆ. ಮಾವು, ಹಾಲು ನಂಬಿದ ತಾಲ್ಲೂಕು ನಮ್ಮ ಶ್ರೀನಿವಾಸಪುರ. ನಾವು ಮಾಡುವುದೇನು? ಕರೆದದ್ದೆಲ್ಲ ಡೈರಿಗೆ ಹಾಕಿ, ಮನೆಯ ಮುದುಕರಿಗೆ ನೀರು ಟೀ ಕೊಡುತ್ತೇವೆ! ನಿರ್ದೇಶಕರ ಬಾಯಲ್ಲಿ ಬರಬಾರದ ಮಾತು, ಆದರೂ ಹೇಳುತ್ತೇವೆ: ಮಾತ್ರೆ ನುಂಗುವವರಿಗೆ ಎರಡು ಲೋಟ ಎತ್ತಿಟ್ಟು ಮಿಕ್ಕಿದ್ದನ್ನು ಸಂಘಕ್ಕೆ ತನ್ನಿ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದೂ ಮೂಳೆ ಕೆಡಿಸುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದನ್ನು ಕುಡಿಯಬೇಡಿ, ಶುದ್ಧೀಕರಿಸಿದ ನೀರನ್ನೇ ತನ್ನಿ. ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣದ ಪುಡಿ ತರುವವರೂ ಕೇಳಿ: ಅಂಥ ಕೆಲವು ಪುಡಿಗಳಲ್ಲೂ ಇದೇ ಸ್ಟಿರಾಯ್ಡ್ ಬೆರೆತಿರುತ್ತದೆ.