ಗಾಳವೂ ಲೆಕ್ಕದ ಪುಸ್ತಕವೂ

(ಲಿಂಗಂಪಲ್ಲಿಯಲ್ಲಿ, ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣದ ಪಾಠ)



ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಈ ಸಭೆಯಲ್ಲಿ ಮೀನು ತಿನ್ನುವವರೂ ಇದ್ದೀರಿ, ಮುಟ್ಟದವರೂ ಇದ್ದೀರಿ. ನಾನು ಹೇಳುವ ಮಾತು ಅಡಿಗೆಮನೆಯದಲ್ಲವಾದ್ದರಿಂದ ಇಬ್ಬರಿಗೂ ಸಲ್ಲುತ್ತದೆ ಎಂದು ಭಾವಿಸಿದ್ದೇನೆ.

ಬಲೆ ಬೀಸುವವನು ಹೊಟ್ಟೆಪಾಡಿನವನು. ಅವನಿಗೆ ಎಷ್ಟು ಮೀನು, ಎಷ್ಟು ತೂಕ, ಸಂತೆಯಲ್ಲಿ ಏನು ಬೆಲೆ ಎಂಬುದೇ ಮುಖ್ಯ, ಅದು ನ್ಯಾಯವೇ. ಗಾಳ ಹಾಕುವ ಹವ್ಯಾಸಿಯ ವ್ಯವಹಾರವಾದರೋ ಒಂದು ಸಲಕ್ಕೆ ಒಂದೇ ಮೀನಿನೊಡನೆ. ಆ ಮೀನು ಎಲ್ಲಿ ನಿಲ್ಲುತ್ತದೆ, ಏನು ತಿನ್ನುತ್ತದೆ, ಯಾವ ಹೊತ್ತಿಗೆ ಹಸಿಯುತ್ತದೆ ಎಂಬುದನ್ನು ಅವನು ಅರಿಯಬೇಕು. ಅರಿತ ಮೇಲೂ ಕಾಯಬೇಕು. ಇಡೀ ದಿನ ಕಾದು ಬರಿಗೈಯಲ್ಲಿ ಮನೆಗೆ ಬಂದವನು ಮರುವಾರ ಮತ್ತೆ ಹೊರಡುತ್ತಾನೆಂದರೆ, ಅದು ಹೊಟ್ಟೆಯ ಕೆಲಸವಲ್ಲ, ಮನಸ್ಸಿನ ಕೆಲಸ ಎಂಬುದು ಸ್ಪಷ್ಟ.

ಅಮೆರಿಕದಲ್ಲಿ ಬಾಸ್ ಎಂಬ ಮೀನಿಗಾಗಿ ಲಕ್ಷಾಂತರ ಜನ ಹೀಗೆ ಮರುಳಾಗಿದ್ದಾರೆ. ನಮ್ಮ ಕನ್ನಡನಾಡಿನಲ್ಲಿ ಅಂಥ ಮರುಳು ಹಿಡಿಸಿದ್ದು ಕಾವೇರಿಯ ಮಹಶೀರ್. ನದಿಯ ದಡದವರು ಅದನ್ನು ಬಿಳಿ ಮೀನು ಎನ್ನುತ್ತಾರೆ. ದೊಡ್ಡ ಹುರುಪೆ, ದಪ್ಪ ತುಟಿ, ಬೆನ್ನಿನ ಮೇಲೆ ಎತ್ತರದ ಡುಬ್ಬ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲೆಲ್ಲ ಗಂಟಲೊಳಗೆ. ಏಡಿಯ ಚಿಪ್ಪನ್ನು ಅದು ಅಲ್ಲಿಯೇ ಪುಡಿಮಾಡುತ್ತದೆ. ಶಿವನಸಮುದ್ರದ ಜಲಪಾತದಿಂದ ಕೆಳಗೆ, ಭೀಮೇಶ್ವರಿ, ಗಾಳಿಬೋರೆಗಳನ್ನು ದಾಟಿ ಮೇಕೆದಾಟಿನವರೆಗೆ ನದಿ ಬಂಡೆಗಳ ನಡುವೆ ನುಗ್ಗಿ ಹರಿಯುತ್ತದೆ. ಆ ಸೆಳವಿಗೆ ಎದುರಾಗಿ ಬೆಳೆದ ಮೀನಿನ ಬಲ ಎಷ್ಟಿರಬೇಕೆಂಬುದನ್ನು ನೀವೇ ಊಹಿಸಬಹುದು.

ಇದಕ್ಕೆ ಹಾಕುವ ಎರೆ ಯಾವುದೆಂದು ಕೇಳಿದರೆ ನಿಮಗೆ ನಗು ಬಂದೀತು: ರಾಗಿ ಮುದ್ದೆ! ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಅವರವರ ಗುಟ್ಟಿನ ಮಸಾಲೆ ಸೇರಿಸಿ, ಉಂಡೆ ಕಟ್ಟಿ ಬೇಯಿಸುತ್ತಾರೆ. ಮೆತ್ತಗಾದರೆ ಸೆಳವಿನಲ್ಲಿ ಕರಗಿಹೋಗುತ್ತದೆ. ತೀರ ಗಟ್ಟಿಯಾದರೆ ಮೀನು ಎಳೆದಾಗ ಕೊಕ್ಕೆ ಹೊರಬರುವುದಿಲ್ಲ. ದಪ್ಪ ಕೋಲು, ನೂರಾರು ಗಜ ದಾರ ಸುತ್ತಿದ ರಾಟೆ, ದಾರ ಬಂಡೆಯ ಸಂದಿನಲ್ಲಿ ನಿಲ್ಲುವಂತೆ ಸೀಸದ ತುಂಡು, ದೊಡ್ಡ ಕೊಕ್ಕೆ, ಇಷ್ಟೇ ಸಲಕರಣೆ. ಬಿಟ್ಟುಬಿಡುವ ಉದ್ದೇಶವಿದ್ದವರು ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಸಪಾಟು ಮಾಡಿಕೊಳ್ಳುತ್ತಾರೆ.

ಕುಶಲತೆಯೆಲ್ಲ ಇರುವುದು ಮೀನು ಕಚ್ಚಿದ ಮೇಲೆ. ಮೊದಲ ಓಟದಲ್ಲಿ ಅದನ್ನು ತಡೆಯಲು ಹೋದವನ ದಾರ ಹರಿಯುತ್ತದೆ, ಇಲ್ಲವೇ ಕೋಲು ಮುರಿಯುತ್ತದೆ. ರಾಟೆಯ ಬಿಗಿ ಸಡಿಲಿಸಿ ಓಡಗೊಡಬೇಕು. ಓಟ ನಿಂತಾಗ ಎಳೆದುಕೊಳ್ಳಬೇಕು. ಮತ್ತೆ ಓಡಿದರೆ ಮತ್ತೆ ಬಿಡಬೇಕು. ದಾರ ಬಂಡೆಗೆ ಸಿಕ್ಕಿದರೆ ಹರಿಗೋಲು ಹತ್ತಿ ಬಿಡಿಸಬೇಕು. ಆದುದರಿಂದಲೇ ಇದರಲ್ಲಿ ತೋಳಿನ ಬಲಕ್ಕಿಂತ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ.

ಈ ಮೀನಿನ ಕೀರ್ತಿ ಹಳೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿ ಭಾರತದಲ್ಲಿ ಗಾಳ ಹಾಕುವುದನ್ನು ಕುರಿತು ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ 1873ರಲ್ಲಿ ಮಂಗಳೂರಿನಿಂದಲೇ ಹೊರಬಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಗುವ ಮಹಶೀರ್ ಹಿಡಿದರು. ನಮ್ಮ ಲೆಕ್ಕದಲ್ಲಿ ಸುಮಾರು 54 ಕಿಲೋ. ಅಂದರೆ ಒಬ್ಬ ಸಣಕಲು ಗುಮಾಸ್ತನ ತೂಕ.

ಆಮೇಲೆ ಬಂದದ್ದು ಕೆಟ್ಟ ಕಾಲ. ನದಿಯ ಮಡುಗಳಲ್ಲಿ ಸಿಡಿಮದ್ದು ಸಿಡಿಸಿ ಮೀನು ಹಿಡಿಯುವ ಚಾಳಿ ಹಬ್ಬಿತು. ಮದ್ದು ಸಿಡಿದರೆ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ, ಮರಿಗಳೂ ಸಾಯುತ್ತವೆ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘದವರು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿದರು. 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರೂ ನದಿಯ ದಡದಲ್ಲಿ ಶಿಬಿರಗಳನ್ನು ತೆರೆದರು. ಹಿಂದೆ ಮದ್ದು ಹಾಕುತ್ತಿದ್ದ ಹಳ್ಳಿಯವರಲ್ಲಿ ಕೆಲವರಿಗೇ ಕಾವಲಿನ ಮತ್ತು ಮಾರ್ಗದರ್ಶಿಯ ಕೆಲಸ ಸಿಕ್ಕಿತು. ಮೀನಿನ ಗುಣ ಅವರಷ್ಟು ಬಲ್ಲವರು ಯಾರು? ಅಲ್ಲಿಯ ಕಟ್ಟುಪಾಡು ಒಂದೇ: ಹಿಡಿದ ಮೀನನ್ನು ತೂಗಿ, ಜೀವಂತ ನೀರಿಗೆ ಬಿಡಬೇಕು; ಬಿಟ್ಟ ಮೇಲೆ ಪುಸ್ತಕದಲ್ಲಿ ಬರೆಯಬೇಕು.

ಈ ಪುಸ್ತಕದ ವಿಷಯ ಹೇಳುವುದಕ್ಕಾಗಿಯೇ ನಾನು ಇಲ್ಲಿ ನಿಂತಿರುವುದು. ಈ ಸಭೆಯಲ್ಲಿ ರಿಜಿಸ್ಟರು ಬರೆದೇ ಜೀವನ ಸಾಗಿಸುವವರು ಅನೇಕರಿದ್ದೀರಿ. ದಿನವೂ ಬರೆಯುವ ಒಣ ಅಂಕಿಗಳಿಂದ ಯಾರಿಗೆ ಏನು ಪ್ರಯೋಜನ ಎಂದು ನಮಗೆಲ್ಲ ಒಮ್ಮೊಮ್ಮೆ ಬೇಸರ ಬರುವುದುಂಟಷ್ಟೆ. ಗಾಳಿಬೋರೆಯ ಶಿಬಿರದ ಪುಸ್ತಕದಲ್ಲಿದ್ದುದೂ ಅಂಥ ಅಂಕಿಗಳೇ: ಎಷ್ಟು ಗಂಟೆ ಗಾಳ ಹಾಕಿದರು, ಯಾವ ಮೀನು ಬಂತು, ಎಷ್ಟು ತೂಗಿತು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಮುಂದಿಟ್ಟುಕೊಂಡು ಕೂಡಿದಾಗ 23 ಸಾವಿರ ಗಂಟೆಗೂ ಮಿಕ್ಕಿದ ದುಡಿಮೆ, 6 ಸಾವಿರಕ್ಕೂ ಹೆಚ್ಚು ಮೀನುಗಳ ವಿವರ ಸಿಕ್ಕಿತು. ಒಟ್ಟು ಮೀನಿನ ಸಂಖ್ಯೆ ಕಡಿಮೆಯಾಗಿರಲಿಲ್ಲ, ಏರಿತ್ತು. ಆದರೆ ಒಳಹೊಕ್ಕು ನೋಡಿದರೆ ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಡುಬ್ಬದ ಮಹಶೀರ್ ವರ್ಷವರ್ಷಕ್ಕೂ ಇಳಿದುಹೋಗಿತ್ತು. 2015ರಲ್ಲಿ ಈ ಸಂಗತಿ ಪ್ರಕಟವಾಯಿತು.

ಈ ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಅದು ನಮ್ಮ ಭೀಮೆಯ ಕಡೆಯದು, ಕೃಷ್ಣೆಯ ನೀರಿನದು. 1839ರಲ್ಲಿ ಸೈಕ್ಸ್ ಎಂಬಾತ ಪುಣೆಯ ಹತ್ತಿರದ ಮುಳಾ ಮುಠಾ ನದಿಯ ಮೀನನ್ನು ನೋಡಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟನು. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರ ಮೀನುಮರಿ ಕೇಂದ್ರದಲ್ಲಿ ಅದರ ಮರಿಗಳನ್ನು ಬಹು ಶ್ರಮದಿಂದ ಬೆಳೆಸಿದರು. ಮಹಶೀರ್ ಉಳಿಯಲಿ ಎಂಬ ಸದುದ್ದೇಶದಿಂದಲೇ 1970ರ ದಶಕದಿಂದಾಚೆಗೆ ಆ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಎರಡೂ ಮಹಶೀರೇ ಅಲ್ಲವೇ ಎಂದು ಆಗ ಎಲ್ಲರೂ ತಿಳಿದಿದ್ದರು. ಭೀಮೆಯ ಸೀಮೆಯಿಂದ ವಾಡಿ, ಸೇಡಂ, ತಾಂಡೂರುಗಳನ್ನು ದಾಟಿ ರೈಲಿನಲ್ಲಿ ಇಲ್ಲಿಗೆ ಬಂದ ನಾವು ಈ ಕಥೆಯನ್ನು ನಮಗೆ ಅನ್ವಯಿಸಿಕೊಳ್ಳಬೇಕಾದ್ದಿಲ್ಲ. ಮನುಷ್ಯರು ಎಲ್ಲಿಗೆ ಹೋದರೂ ಒಂದೇ ಜಾತಿ. ಮೀನಿನಲ್ಲಿ ಜಾತಿ ಬೇರೆ ಬೇರೆ, ಒಂದರ ಜಾಗಕ್ಕೆ ಇನ್ನೊಂದನ್ನು ತುಂಬಿದರೆ ಹೋದದ್ದು ಹೋದಂತೆಯೇ. ಜಪಾನಿನವರಿಗೂ ಇದೇ ಪಾಠವಾಗಿದೆ. 1925ರಲ್ಲಿ ಅಮೆರಿಕದ ಬಾಸನ್ನು ಅಲ್ಲಿಗೆ ತಂದರು. 2009ರಲ್ಲಿ ಬಿವಾ ಸರೋವರದಲ್ಲಿ ಸಿಕ್ಕ ಒಂದು ಬಾಸ್ ಜಗತ್ತಿನ ದಾಖಲೆಯನ್ನೇ ಸರಿಗಟ್ಟಿತು. ಆದರೆ ಆ ಮೀನು ದೇಶದ ಸ್ವಂತ ಮೀನುಗಳನ್ನು ತಿಂದುಹಾಕುತ್ತಿದೆಯೆಂದು 2005ರಲ್ಲೇ ಅದರ ಮೇಲೆ ಕಾನೂನು ಹೇರಲಾಗಿತ್ತು.

ಇನ್ನೊಂದು ವಿಚಿತ್ರವನ್ನು ಕೇಳಿ. ಜಗತ್ಪ್ರಸಿದ್ಧವಾದ ನಮ್ಮ ಡುಬ್ಬದ ಮಹಶೀರಿಗೆ 2018ರವರೆಗೂ ಗಟ್ಟಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ! ಕಾವೇರಿಯ ಬಳಗಕ್ಕೆ ಸೇರಿದ, ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ಗುರುತಿಸಿದ್ದ ‘ಟಾರ್ ರೆಮಾದೇವಿ’ ಎಂಬ ಮೀನೇ ಇದು ಎಂದು ಆ ವರ್ಷ ಖಚಿತವಾಯಿತು. ಅದೇ ವರ್ಷ ಅದು ಅತ್ಯಂತ ಅಪಾಯಕ್ಕೆ ಸಿಕ್ಕಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಹೆಸರೂ ಆಪತ್ತಿನ ಚೀಟಿಯೂ ಒಟ್ಟಿಗೆ ಬಂದವು.

ಅಷ್ಟರಲ್ಲಿ ಗಾಳವೇ ನಿಂತುಹೋಗಿತ್ತು. ಆ ನದೀಭಾಗ ಕಾವೇರಿ ಅಭಯಾರಣ್ಯದೊಳಗಿದೆ. ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥದಲ್ಲಿ 2012ರ ಹೊತ್ತಿಗೆ ಅದನ್ನು ನಿಲ್ಲಿಸಲಾಯಿತು. ಮೂಕಪ್ರಾಣಿಗೆ ಕೊಕ್ಕೆ ಚುಚ್ಚಿ ಸಂತೋಷಪಡುವುದೇನು ಧರ್ಮ ಎಂದು ಕೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಬಿಟ್ಟ ಮೀನೂ ದಣಿದಿರುತ್ತದೆ, ನೊಂದಿರುತ್ತದೆ. ಆದರೆ ಗಾಳದೊಂದಿಗೆ ಲೆಕ್ಕದ ಪುಸ್ತಕವೂ ಮುಚ್ಚಿತೆಂಬುದನ್ನು ಮರೆಯಲಾಗದು. ಕಾಡಿನ ಹುಲಿಯನ್ನಾದರೂ ಎಣಿಸಬಹುದು. ಮಡುವಿನ ತಳದ ಮೀನನ್ನು ಎಣಿಸುವವರು ಯಾರು? ನನ್ನ ಅಭಿಪ್ರಾಯದಲ್ಲಿ, ಗಾಳ ಬೇಡವೆಂದಾದರೆ ಆಗಲಿ, ಎಣಿಕೆಗೆ ಬೇರೊಂದು ಏರ್ಪಾಡು ಆಗಲೇಬೇಕು. ಎಣಿಕೆಯಿಲ್ಲದ ರಕ್ಷಣೆ ಬೀಗ ಹಾಕಿ ಒಳಗೆ ನೋಡದ ಉಗ್ರಾಣದಂತೆ.

ಕಾವೇರಿ ದೂರವಾಯಿತು, ನಮ್ಮ ಭಾನುವಾರದ ಮಾತೇನು ಎನ್ನುವಿರೋ? ಮೇಲೆ ಹೇಳಿದ ಥಾಮಸನೇ 1887ರಲ್ಲಿ ಬರಿಯ ಕೆರೆಗಳ ಗಾಳವನ್ನು ಕುರಿತು ಇನ್ನೊಂದು ಪುಸ್ತಕ ಬರೆದನು. ಕೆರೆಗಳ ನಾಡಾದ ತೆಲಂಗಾಣದ ರಾಜ್ಯಮೀನು ಕೊರ್ರಮೀನು, ಹಾವಿನಂಥ ತಲೆಯ ಕೆರೆಮೀನು. ಅಮೆರಿಕದ ಬಾಸಿನಂತೆ ಇದೂ ಜೊಂಡಿನ ಮರೆಯಲ್ಲಿ ಹೊಂಚುಹಾಕಿ ಕಪ್ಪೆಯ ಮೇಲೆ ಎರಗುತ್ತದೆ. ಬಾಸಿಗೆಂದು ಮಾಡಿದ ರಬ್ಬರಿನ ಕಪ್ಪೆಗೆ ಇದೂ ಮೋಸಹೋಗುತ್ತದೆ. ಎಲೆಗಳ ಮೇಲೆ ಕಪ್ಪೆಯನ್ನು ಕುಪ್ಪಳಿಸುವಂತೆ ಎಳೆಯಿರಿ. ನೀರು ಸಿಡಿದ ಕೂಡಲೇ ಜಗ್ಗಬೇಡಿ, ಮೀನು ಬಾಯಿ ಮುಚ್ಚುವಷ್ಟು ಹೊತ್ತು ತಡೆದು ಆಮೇಲೆ ಜಗ್ಗಿರಿ.

ನಾಲ್ಕು ಎಚ್ಚರಿಕೆಗಳು. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘದ್ದು. ಅವರನ್ನು ಕೇಳದೆ ಗಾಳ ಹಾಕಬಾರದು. ನಮ್ಮ ಬೀದರದವರ ಮಂಜೀರೆ ಇಲ್ಲಿಗೆ ಸಮೀಪದ ಸಂಗಾರೆಡ್ಡಿಯ ಬಳಿ ಮೊಸಳೆಗಳ ಅಭಯಾರಣ್ಯವಾಗಿದೆ. ಅಲ್ಲಿ ಗಾಳದ ಮಾತೇ ಬೇಡ. ಊರಿನ ಚರಂಡಿ ಸೇರುವ ಕೆರೆಯ ಮೀನನ್ನು ಮನೆಗೆ ತರಬೇಡಿ. ಕೊನೆಯದಾಗಿ, ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪೊಂದು ನೀರಿನ ಮೇಲೆ ಗುಳುಗುಳು ಎನ್ನುವುದನ್ನು ಕಂಡರೆ ಕೋಲನ್ನು ಮಡಿಸಿ ಇಡಿ. ಕೆಳಗೆ ತಾಯಿತಂದೆ ಕಾವಲಿರುತ್ತವೆ. ಮರಿ ಕಾಯುವ ಮೀನು ಕಪ್ಪೆಯ ಮೇಲೆ ಎರಗುವುದು ಹಸಿವಿಗಲ್ಲ, ಕೋಪಕ್ಕೆ. ಆಗ ಅದನ್ನು ಹಿಡಿಯುವುದು ಸುಲಭ. ಹಿಡಿದರೆ ಮರಿಗಳೆಲ್ಲ ಬೇರೆ ಮೀನಿಗೂ ಹಕ್ಕಿಗೂ ಆಹಾರವಾಗುತ್ತವೆ.

ನಾಲ್ಕಾಣೆಯಷ್ಟು ಅಗ್ಗದ ಒಂದು ನೋಟುಪುಸ್ತಕ ಜೇಬಿನಲ್ಲಿರಲಿ. ತಾರೀಖು, ಕೆರೆಯ ಹೆಸರು, ಕುಳಿತ ಗಂಟೆ, ಸಿಕ್ಕ ಮೀನು ಇಷ್ಟನ್ನು ಬರೆಯಿರಿ. ಏನೂ ಸಿಗದ ದಿನ ‘ಏನೂ ಇಲ್ಲ’ ಎಂದು ತಪ್ಪದೆ ಬರೆಯಿರಿ. ಗಾಳಿಬೋರೆಯಲ್ಲಿಯೂ ಬರಿಗೈಯ ಗಂಟೆಗಳನ್ನು ಲೆಕ್ಕಕ್ಕೆ ಹಿಡಿದುದರಿಂದಲೇ ಇಳಿತ ಗೊತ್ತಾದದ್ದು.