ಎರಡು ಅಲ್ಪವಿರಾಮಗಳ ನಡುವೆ

ಹೆಸರುಗಳನ್ನೋ ಅಂಕಿಗಳನ್ನೋ ಒಂದೇ ಸಾಲಿನಲ್ಲಿ ಬರೆಯುವಾಗ ನಾವು ನಡುನಡುವೆ ಅಲ್ಪವಿರಾಮ ಹಾಕುತ್ತೇವೆ. ಎರಡು ಅಲ್ಪವಿರಾಮಗಳು ಒಂದರ ಪಕ್ಕದಲ್ಲೊಂದು ಬಂದರೆ ಅವುಗಳ ನಡುವೆ ಏನಿದೆ? ‘ಏನೂ ಇಲ್ಲ’ ಎಂದು ನೀವು ಹೇಳಬಹುದು. ‘ಬರಿದಾದ ಒಂದು ಸ್ಥಾನವಿದೆ’ ಎಂದೂ ಹೇಳಬಹುದು. ಕಂಪ್ಯೂಟರಿಗೆ ಕೆಲಸ ಹೇಳಲು ರಚಿಸಿರುವ ಭಾಷೆಗಳಲ್ಲಿಯೂ ಈ ಭಿನ್ನಾಭಿಪ್ರಾಯ ಉಂಟು. ಅದರ ಫಲವನ್ನು ಅನುಭವಿಸುವವರು ಮಾತ್ರ ಮನುಷ್ಯರು.

ಒಂದು ಉದಾಹರಣೆ ನೋಡೋಣ. ಅಂಕಪಟ್ಟಿಯ ಸಾಲಿನಲ್ಲಿ ಮೊದಲು ವಿದ್ಯಾರ್ಥಿನಿಯ ಹೆಸರು, ಆಮೇಲೆ ಕನ್ನಡ, ಗಣಿತ, ವಿಜ್ಞಾನ ಈ ಮೂರರ ಅಂಕಗಳು ಕ್ರಮವಾಗಿ ಬರಬೇಕು. ಗಣಿತದ ಪರೀಕ್ಷೆಯ ದಿನ ಕಮಲಳಿಗೆ ಜ್ವರ ಬಂದಿತ್ತು. ಆಕೆಯ ಸಾಲು ಹೀಗಾಗುತ್ತದೆ: ಕಮಲ,72,,65. ಈ ಸಾಲನ್ನು ಅಲ್ಪವಿರಾಮ ಬಂದಲ್ಲೆಲ್ಲ ತುಂಡರಿಸಿ, ಒಂದೊಂದು ತುಂಡನ್ನು ಒಂದೊಂದು ಮನೆಯಲ್ಲಿ ಇಡುವುದು ಕಂಪ್ಯೂಟರಿನ ಕೆಲಸ.

ಸಿ ಎಂಬ ಭಾಷೆ 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿತು. ತುಂಡರಿಸುವ ಕೆಲಸಕ್ಕೆ ಅದರಲ್ಲಿ ‘ಸ್ಟ್ರ್‌ಟಾಕ್’ ಎಂಬ ಸಾಧನವಿದೆ. ಒತ್ತೊತ್ತಾಗಿ ಬಂದ ಅಲ್ಪವಿರಾಮಗಳನ್ನೆಲ್ಲ ಇದು ಒಂದೇ ಎಂದು ಎಣಿಸುತ್ತದೆ. ಆಗ ವಿಜ್ಞಾನದ 65 ಗಣಿತದ ಮನೆಗೆ ಸರಿಯುತ್ತದೆ. ಬರೆಯದ ಪರೀಕ್ಷೆಯಲ್ಲಿ ಕಮಲ ತೇರ್ಗಡೆಯಾಗುತ್ತಾಳೆ. ಬರೆದ ಪರೀಕ್ಷೆಗೆ ಗೈರುಹಾಜರಾಗುತ್ತಾಳೆ.

ಈ ಪದ್ಧತಿ ಅವಿವೇಕದ್ದೇನೂ ಅಲ್ಲ. ವಾಕ್ಯದ ಪದಗಳನ್ನು ಬಿಡಿಸುವಾಗ ನಡುವೆ ಎಷ್ಟು ಜಾಗ ಬಿಟ್ಟರೂ ಪದಗಳ ಸಂಖ್ಯೆ ಹೆಚ್ಚುವುದಿಲ್ಲವಷ್ಟೆ. ಆದರೆ ಪದಗಳಿಗೆ ಒಪ್ಪುವ ನಿಯಮ ಪಟ್ಟಿಗೆ ಒಪ್ಪುವುದಿಲ್ಲ. 1977ರಲ್ಲಿ ಅದೇ ಪ್ರಯೋಗಶಾಲೆಯಿಂದ ಬಂದ ಆಕ್ ಭಾಷೆಯೂ 1991ರ ಪೈಥಾನ್ ಭಾಷೆಯೂ ಈ ಭೇದವನ್ನು ಗುರುತಿಸಿವೆ. ಏನೂ ಹೇಳದಿದ್ದರೆ ಅವು ಖಾಲಿ ಜಾಗಗಳನ್ನು ಕೂಡಿಸಿಕೊಂಡು ಪದಗಳನ್ನು ಬಿಡಿಸುತ್ತವೆ. ‘ಅಲ್ಪವಿರಾಮದಲ್ಲಿ ತುಂಡರಿಸು’ ಎಂದು ಸ್ಪಷ್ಟವಾಗಿ ಹೇಳಿದರೆ ಬರಿದಾದ ಸ್ಥಾನವನ್ನೂ ಒಂದು ಸ್ಥಾನವೆಂದೇ ಉಳಿಸುತ್ತವೆ.

ನಡುವಿನ ಸ್ಥಾನದ ಮಾತು ಹೀಗಾಯಿತು. ಕೊನೆಯ ಸ್ಥಾನವೇ ಬರಿದಾಗಿದ್ದರೆ? 1987ರ ಪರ್ಲ್, 1995ರ ಜಾವಾ ಈ ಎರಡು ಭಾಷೆಗಳ ‘ಸ್ಪ್ಲಿಟ್’ ಎಂಬ ಸಾಧನ ನಡುವಿನ ಖಾಲಿಯನ್ನು ಕಾಪಾಡುತ್ತದೆ. ಕೊನೆಯ ಖಾಲಿಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕಮಲ ವಿಜ್ಞಾನಕ್ಕೆ ಬರದಿದ್ದರೆ ನಾಲ್ಕು ತುಂಡುಗಳ ಬದಲು ಮೂರೇ ಕೈಗೆ ಬರುತ್ತವೆ. ಎಲ್ಲವನ್ನೂ ಉಳಿಸಬೇಕಾದರೆ ಮಿತಿಯ ಜಾಗದಲ್ಲಿ -1 ಎಂದು ಬರೆದು ತಿಳಿಸಬೇಕು.

ಇವೆಲ್ಲಕ್ಕಿಂತ ವಿಲಕ್ಷಣವಾದದ್ದು ಫೋರ್ಟ್ರಾನ್ 77ರ ಒಂದು ನಿಯಮ. ಅಲ್ಲಿ ಪಟ್ಟಿಯಿಂದ ಅಂಕಿಗಳನ್ನು ನೇರವಾಗಿ ಓದುವಾಗ ಎರಡು ಅಲ್ಪವಿರಾಮಗಳು ಒಟ್ಟಿಗೆ ಬಂದರೆ ‘ಹಿಂದೆ ಇದ್ದ ಬೆಲೆಯೇ ಇರಲಿ’ ಎಂದು ಅರ್ಥ. ಬದಲಾದ ಅಂಕಿಗಳನ್ನು ಮಾತ್ರ ಬರೆಯುವವರಿಗೆ ಇದು ಅನುಕೂಲವೇ ಸರಿ. ಆದರೆ ನಮ್ಮ ಅಂಕಗಳನ್ನು ಸಾಲುಸಾಲಾಗಿ ಅದೇ ಮನೆಗಳಿಗೆ ಓದಿಸಿದರೆ, ಹಿಂದಿನ ಸಾಲಿನ ಹುಡುಗಿಯ ಗಣಿತದ ಅಂಕ ಕಮಲಳ ಲೆಕ್ಕಕ್ಕೆ ಬಂದು ಸೇರುತ್ತದೆ!

ಖಾಲಿ ಸ್ಥಾನದಿಂದ ಅಪಾಯವೂ ಉಂಟು. ಯುನಿಕ್ಸ್ ವ್ಯವಸ್ಥೆಯಲ್ಲಿ ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿಗೆ ‘ಪಾತ್’ ಎಂದು ಹೆಸರು. ಅದರಲ್ಲಿ ಅಲ್ಪವಿರಾಮದ ಬದಲು ಎರಡು ಚುಕ್ಕೆಯ ಚಿಹ್ನೆ. ಅಲ್ಲಿನ ಖಾಲಿ ಸ್ಥಾನಕ್ಕೆ ‘ನೀನು ಈಗ ಇರುವ ಕಡತಕೋಶದಲ್ಲೇ ಹುಡುಕು’ ಎಂದು ಅರ್ಥ. ಕೈತಪ್ಪಿ ಒಂದು ಚಿಹ್ನೆ ಹೆಚ್ಚಾದರೆ, ಆ ಕೋಶದಲ್ಲಿ ಪರರು ಅದೇ ಹೆಸರಿಟ್ಟು ಅಡಗಿಸಿದ ಆಜ್ಞೆ ನಡೆದುಹೋಗಬಹುದು.

ಹೀಗಿರುವಲ್ಲಿ ಕರ್ತವ್ಯವೇನು? ಪಟ್ಟಿ ಓದಿಸುವವರು ತಮ್ಮ ಭಾಷೆಯ ನಿಯಮವನ್ನು ಮೊದಲೇ ತಿಳಿದು, ಪ್ರತಿ ಸಾಲಿನಲ್ಲೂ ಎಷ್ಟು ತುಂಡುಗಳು ಬಂದವೆಂದು ಎಣಿಸಬೇಕು. ಬರೆಯುವವರು ಬಾರದವರ ಸ್ಥಾನದಲ್ಲಿ ‘ಗೈರುಹಾಜರು’ ಎಂದೇ ಬರೆಯಬೇಕು. ಸೊನ್ನೆ ಹಾಕಕೂಡದು, ಏಕೆಂದರೆ ಸೊನ್ನೆಯೂ ಒಂದು ಅಂಕವೇ. ಅರ್ಜಿಯ ಖಾಲಿ ಜಾಗದಲ್ಲಿ ಗೀಟು ಎಳೆಯಿರಿ ಎಂದು ಹಿರಿಯರು ಹೇಳುವುದು ಇದೇ ಕಾರಣಕ್ಕೆ. ಮರೆತು ಬಿಟ್ಟದ್ದು ಯಾವುದು, ತಿಳಿದು ಬಿಟ್ಟದ್ದು ಯಾವುದು ಎಂಬುದು ಓದುವವರಿಗೆ ಗೊತ್ತಾಗಬೇಕಲ್ಲವೆ?