ಸಂಘಕ್ಕೆ ಹಣವೂ ಬೇಕು, ನಡೆಸುವ ಕಸುವೂ ಬೇಕು

(ಸುರೇಬಾನದಲ್ಲಿ ರೈತ ಸಂಘ ಹಾಗೂ ಸ್ವಸಹಾಯ ಗುಂಪುಗಳ ಸದಸ್ಯರ ಮುಂದೆ ಮಾಡಿದ ಭಾಷಣ)



ಕೂಡಿ ದುಡಿಯುವುದನ್ನು ರಾಮದುರ್ಗ ತಾಲ್ಲೂಕಿನ ರೈತರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಎರೆಹೊಲದ ಬಿಳಿಜೋಳ ಕೊಯ್ಲಿಗೆ ಬಂದಾಗ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು ನಮ್ಮಲ್ಲಿ ಹಳೆಯ ರೂಢಿ. ಯಾರು ಎಷ್ಟು ದಿನ ಬಂದರೆಂಬುದು ಎಲ್ಲರ ನೆನಪಿನಲ್ಲಿರುತ್ತದೆ, ಅಷ್ಟೇ ಸಾಕು. ಆದರೆ ಸಂಘಕ್ಕೆ ದುಡ್ಡು ಬಂದ ಮೇಲೆ ನೆನಪಿನ ಲೆಕ್ಕ ಸಾಲದು. ತೊಡಕು ಶುರುವಾಗುವುದೇ ಇಲ್ಲಿ. ಆದ್ದರಿಂದ ಸಂಘಕ್ಕೆ ಹಣ ಎಲ್ಲಿಂದ ಬರುತ್ತದೆ, ಬಂದ ಹಣವನ್ನು ನಡೆಸುವ ಕಸುವು ಹೇಗೆ ಬರುತ್ತದೆ ಎಂಬ ಎರಡನ್ನೂ ಇಂದು ಜೊತೆಯಾಗಿ ನೋಡೋಣ.

ನಮ್ಮ ಸೀಮೆಯ ಅನುಭವ

1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರು ವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಆರಂಭದ ಬಂಡವಾಳ ಕೇವಲ 2,000 ರೂಪಾಯಿ.

ಇನ್ನೊಂದು ಉದಾಹರಣೆ ನೆರೆಯ ಸವದತ್ತಿ ತಾಲ್ಲೂಕಿನ ಶಿರಸಂಗಿಯದು. 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಬಿಟ್ಟುಕೊಟ್ಟರು. ದಾನ ದೊಡ್ಡದು, ನಿಜ. ಆದರೆ ಹಣ ಯಾವುದಕ್ಕೆಂದು ಬರವಣಿಗೆಯಲ್ಲಿ ಗೊತ್ತುಮಾಡಿ, ಅದನ್ನು ಟ್ರಸ್ಟಿಗೆ ಒಪ್ಪಿಸಿದ್ದರಿಂದಲೇ ದಾನಿಯ ಕಾಲಾನಂತರವೂ ಕೆಲಸ ನಡೆಯಿತು.

ಮೂರನೆಯದು 1980ರ ದಶಕದ ಮಾತು. ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದ ಮೈರಾಡ ಸಂಸ್ಥೆಯವರು, ದೊಡ್ಡ ಸಂಘಗಳಲ್ಲಿ ಬಡವರ ಮಾತು ನಡೆಯದಿರುವುದನ್ನು ಕಂಡು ಸಣ್ಣ ಗುಂಪುಗಳಿಗೆ ಒತ್ತು ಕೊಟ್ಟರು. 1987ರಲ್ಲಿ ನಬಾರ್ಡ್ ಈ ಕೆಲಸಕ್ಕೆ 10 ಲಕ್ಷ ರೂಪಾಯಿ ನೀಡಿತು. ಅದು ಹಂಚಿ ತಿನ್ನುವ ಹಣವಾಗಿರಲಿಲ್ಲ. ಸದಸ್ಯರ ಉಳಿತಾಯಕ್ಕೆ ಜೋಡಿ ಹಣ ಕೊಡುವುದಕ್ಕೆ ಮತ್ತು ತರಬೇತಿಗೆ ಬಳಕೆಯಾಯಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಬಂದಿತು. ಇಂದು ಊರೂರಿನಲ್ಲಿರುವ ಸ್ವಸಹಾಯ ಗುಂಪುಗಳಿಗೆ ಅದೇ ಬುನಾದಿ.

ಈಗಿನ ನೆರವು

ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕೇಂದ್ರ ಯೋಜನೆ 2020ರಲ್ಲಿ ಆರಂಭವಾಯಿತು. ಬಯಲು ಸೀಮೆಯ ಸಂಸ್ಥೆಗೆ ಕನಿಷ್ಠ 300 ಸದಸ್ಯರಿರಬೇಕು. ಆಡಳಿತ ವೆಚ್ಚಕ್ಕೆ ಮೂರು ವರ್ಷಗಳಲ್ಲಿ ಒಟ್ಟು 18 ಲಕ್ಷ ರೂಪಾಯಿಯವರೆಗೆ ನೆರವುಂಟು. ಇದಲ್ಲದೆ ಸದಸ್ಯರು ಕಟ್ಟಿದ ಷೇರು ಹಣಕ್ಕೆ ಸರಿಸಮನಾಗಿ, ಸದಸ್ಯರೊಬ್ಬರಿಗೆ 2,000 ರೂಪಾಯಿ ಹಾಗೂ ಸಂಸ್ಥೆಯೊಂದಕ್ಕೆ 15 ಲಕ್ಷ ರೂಪಾಯಿ ಮೀರದಂತೆ, ಜೋಡಿ ಹಣ ದೊರೆಯುತ್ತದೆ. 500 ಜನ ತಲಾ 1,000 ರೂಪಾಯಿ ಕಟ್ಟಿದರೆ 5 ಲಕ್ಷ. ಜೋಡಿ ಹಣ ಸೇರಿ 10 ಲಕ್ಷ. ತಾನು ಕಟ್ಟದವನಿಗೆ ಸರ್ಕಾರವೂ ಕಟ್ಟುವುದಿಲ್ಲ ಎಂಬುದನ್ನು ಗಮನಿಸಿರಿ.

ಗೋದಾಮು, ಶುಚಿಗೊಳಿಸುವ ಯಂತ್ರ ಮುಂತಾದವುಗಳಿಗೆ 2020ರಲ್ಲಿಯೇ ಬಂದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿ ರಿಯಾಯಿತಿ ಇದೆ. ಆದರೆ ಇದು ಸಾಲ, ದಾನವಲ್ಲ. ಗೋದಾಮು ಖಾಲಿ ಬಿದ್ದರೂ ಕಂತು ನಿಲ್ಲುವುದಿಲ್ಲ.

ನಾಲ್ಕನೆಯ ವರ್ಷದ ಲೆಕ್ಕ

ನಿಜವಾದ ಪರೀಕ್ಷೆ ಮೂರು ವರ್ಷದ ನೆರವು ಮುಗಿದ ಮೇಲೆ. ಮೊದಮೊದಲು ನೋಂದಣಿಯಾದ ಸಂಸ್ಥೆಗಳಿಗೆ ಆ ಕಾಲ ಬಂದಾಗಿದೆ. ಯೋಜನೆಯಲ್ಲಿ ಮುಖ್ಯ ಕಾರ್ಯನಿರ್ವಾಹಕರಿಗೆ ತಿಂಗಳಿಗೆ 25,000, ಲೆಕ್ಕಿಗರಿಗೆ 10,000 ರೂಪಾಯಿವರೆಗೆ ಸಂಬಳಕ್ಕೆ ಅವಕಾಶವಿದೆ. ಎರಡೂ ಸೇರಿ ವರ್ಷಕ್ಕೆ 4,20,000 ರೂಪಾಯಿ. ನೆರವು ನಿಂತ ಮೇಲೆ ಇದನ್ನು ಯಾರು ಕೊಡಬೇಕು? ಸಂಸ್ಥೆಯೇ ದುಡಿಯಬೇಕು.

ಕಡಲೆ, ಗೋವಿನಜೋಳ ಮಾರಿಕೊಟ್ಟು ಕ್ವಿಂಟಲಿಗೆ 50 ರೂಪಾಯಿ ಉಳಿಸಿದರೆಂದು ಇಟ್ಟುಕೊಳ್ಳೋಣ. ಸಂಬಳಕ್ಕಾಗಿಯೇ 8,400 ಕ್ವಿಂಟಲ್ ಮಾಲು ಬರಬೇಕು. 500 ಸದಸ್ಯರಿದ್ದರೆ ಪ್ರತಿಯೊಬ್ಬರೂ ಸುಮಾರು 17 ಕ್ವಿಂಟಲ್ ತರಬೇಕು. ಬಾಡಿಗೆ, ಹಮಾಲಿ, ಲೆಕ್ಕ ಪರಿಶೋಧನೆಯ ಖರ್ಚು ಬೇರೆ. ಷೇರು ಕಟ್ಟಿಯೂ ಮಾಲನ್ನು ಅಡತಿ ಅಂಗಡಿಗೇ ಒಯ್ದರೆ ಫಲಕದ ಮೇಲೆ ಹೆಸರು ಉಳಿಯುತ್ತದೆ, ಸಂಸ್ಥೆ ಉಳಿಯುವುದಿಲ್ಲ. ಹಾಗೆಂದು ರೈತನನ್ನು ದೂರುವಂತಿಲ್ಲ. ಅಡತಿಯವರು ಬಿತ್ತನೆಗೆ ಮುಂಗಡ ಕೊಟ್ಟಿರುತ್ತಾರೆ. ಆ ಋಣ ಅವನನ್ನು ಅಲ್ಲಿಗೇ ಎಳೆಯುತ್ತದೆ. ಆದ್ದರಿಂದ ಬಿತ್ತನೆಯ ಕಾಲದಲ್ಲಿ ಬೀಜ ಗೊಬ್ಬರ ಒದಗಿಸುವ ಸಂಘಕ್ಕೇ ಸುಗ್ಗಿಯ ಕಾಲದಲ್ಲಿ ಮಾಲು ಬರುತ್ತದೆ.

ಕಸುವು ಬೆಳೆಸುವ ಬಗೆ

ಒಂದು ದಿನದ ತರಬೇತಿ, ಊಟ, ಪ್ರಮಾಣಪತ್ರ ಇಷ್ಟಕ್ಕೇ ಕಸುವು ಬಾರದು. ಈ ಕೆಳಗಿನವು ಅತ್ಯವಶ್ಯ:

1. ಕಿರ್ದಿ, ಖಾತೆ, ದಾಸ್ತಾನು ಪುಸ್ತಕ, ಠರಾವು ಪುಸ್ತಕ ಇವನ್ನು ಅಂದಂದೇ ಬರೆಯಬೇಕು. ಲೆಕ್ಕಿಗನೊಬ್ಬನಲ್ಲದೆ ಇನ್ನಿಬ್ಬರು ಸದಸ್ಯರು ಇದನ್ನು ಕಲಿತಿರಬೇಕು.

2. ಪ್ರತಿ ಸಭೆಯಲ್ಲಿ ನಾಲ್ಕು ಅಂಕಿಗಳನ್ನು ಓದಿ ಹೇಳಬೇಕು: ಕೈಯಲ್ಲಿರುವ ಹಣ, ಬ್ಯಾಂಕಿನಲ್ಲಿರುವ ಹಣ, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ. ಓದು ಬಾರದವರಿಗೂ ಇದು ತಿಳಿಯುತ್ತದೆ.

3. ಉತ್ಪಾದಕ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ರೈತ ಸದಸ್ಯನಿಗೆ ಒಂದೇ ಮತ. ಎರಡೆಕರೆಯವನೂ ಇಪ್ಪತ್ತೆಕರೆಯವನೂ ಇಲ್ಲಿ ಸಮ. ಈ ಹಕ್ಕನ್ನು ಸಭೆಗೆ ಬಂದು ಚಲಾಯಿಸಬೇಕು.

4. ಮೊದಲ ವರ್ಷ ಒಂದೇ ವ್ಯಾಪಾರ ಹಿಡಿಯಬೇಕು. ಬೀಜ, ಗೊಬ್ಬರ, ಔಷಧಿಗಳ ಮಾರಾಟಕ್ಕೆ ಪರವಾನಗಿ ಪಡೆಯುವುದನ್ನು ಮರೆಯಬಾರದು.

5. ಲಾಭದಲ್ಲಿ ಒಂದು ಪಾಲನ್ನು ಕಾಯ್ದಿಟ್ಟ ನಿಧಿಗೆ ಹಾಕಬೇಕು. ಮಳೆ ಕೈಕೊಟ್ಟರೆ ಅಥವಾ 2019ರಂತೆ ಮಲಪ್ರಭೆ ಉಕ್ಕಿ ಬಂದರೆ ಆಸರೆ ಅದೇ.

6. ಹೆಣ್ಣುಮಕ್ಕಳನ್ನು ಆಡಳಿತ ಮಂಡಳಿಗೆ ಹೆಸರಿಗಷ್ಟೇ ಸೇರಿಸಬಾರದು. ಸ್ವಸಹಾಯ ಗುಂಪಿನಲ್ಲಿ ವಾರ ವಾರ ಲೆಕ್ಕ ಬರೆದು ಪಳಗಿದವರು ಊರಿನಲ್ಲಿ ಅವರೇ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ಎಷ್ಟು ಸಂಘ ನೋಂದಾಯಿಸಿದೆವು ಎಂದು ಎಣಿಸಿದರೆ ಸಾಲದು. ನೀವು ಹೋಗದ ತಿಂಗಳಿನಲ್ಲಿಯೂ ಸಭೆ ನಡೆಯಿತೇ ಎಂದು ಕೇಳಿರಿ. ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸಮೀಪದಲ್ಲಿಯೇ ಇವೆ. ಅಲ್ಲಿಗೆ ಹೋಗುವಾಗ ಬರೇ ಅಧ್ಯಕ್ಷರನ್ನು ಕರೆದೊಯ್ಯದೆ ಮುಂದೆ ಸಂಘ ನಡೆಸಬೇಕಾದ ಹುಡುಗ ಹುಡುಗಿಯರನ್ನೂ ಕರೆದೊಯ್ಯಿರಿ.

ಹನಿ ಹನಿ ಕೂಡಿದರೆ ಹಳ್ಳವೆಂಬುದು ನಿಜ. ಆದರೆ ಒಡ್ಡು ಗಟ್ಟಿಯಿಲ್ಲದ ಹೊಲದಲ್ಲಿ ಹಳ್ಳದ ನೀರು ನಿಲ್ಲದೆ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ನೆರವಿನ ಹಣವೂ ಹಾಗೆಯೇ. ಒಡ್ಡನ್ನು ಮೊದಲು ಹಾಕಿರಿ. ಮುಂದಿನ ಸಭೆಗೆ ನಿಮ್ಮ ಸಂಘದ ಪುಸ್ತಕಗಳನ್ನು ತನ್ನಿರಿ. ಒಟ್ಟಿಗೆ ಕುಳಿತು ನಾಲ್ಕನೆಯ ವರ್ಷದ ಲೆಕ್ಕ ಹಾಕೋಣ.